ಎಂಟನೆಯವಳು

ನಾನು ನಿವೃತ್ತಳಾದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ನಗುತ್ತಾರೆ. ನಮ್ಮ ವಿಮಾನಪುರದಲ್ಲಿ ನಿವೃತ್ತಿ ಎಂದರೆ ಕಾರ್ಖಾನೆಯಲ್ಲಿ ಹಾರ ಹಾಕಿಸಿಕೊಂಡು, ಒಂದು ಗೋಡೆ ಗಡಿಯಾರವನ್ನು ಕಂಕುಳಲ್ಲಿ ಹಿಡಿದು, ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಮನೆಗೆ ಬರುವುದು. ಅಪ್ಪ ಹಾಗೆಯೇ ಬಂದರು. ಅದೇ ವರ್ಷ ನಾನೂ ಬಂದೆ, ಎಡ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಆಟೋದಲ್ಲಿ. ಎದುರುಮನೆಯ ಪದ್ಮಾ ಆಂಟಿ ಗೇಟಿನ ಹತ್ತಿರವೇ ಹಿಡಿದರು.

"ಏನೇ ಚೈತ್ರಾ, ಸೈಕಲ್ ಬಿಟ್ಬಿಟ್ಯಂತೆ? ಮದುವೆ ಫಿಕ್ಸ್ ಆಯ್ತಾ?"

"ಇಲ್ಲ ಆಂಟಿ, ರಿಟೈರ್ ಆದೆ."

"ಅಯ್ಯೋ, ಸೈಕಲ್ ತುಳಿಯೋದ್ರಿಂದ ರಿಟೈರ್ ಆಗ್ತಾರೇನೇ? ಹಂಗಾದ್ರೆ ನಮ್ ಹಾಲಿನವನು ಯಾವಾಗ ಆಗ್ತಾನೆ?"

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಫಲಕಗಳನ್ನು ಗೆದ್ದು ತಂದವಳು ನಾನು. ಆದರೂ ಹಾಲಿನವನ ವಿಷಯದಲ್ಲಿ ವಾದಕ್ಕೆ ಇಳಿಯದೆ ಗೇಟು ತೆಗೆದು ಒಳಗೆ ಹೋದೆ.

ಒಂದು ಸೈಕಲ್ ಕಂಪನಿಯ ಮಹಿಳಾ ತಂಡದಲ್ಲಿ ಸಂಬಳಕ್ಕೆ ರೇಸ್ ತುಳಿಯುವುದು ನನ್ನ ಕೆಲಸವಾಗಿತ್ತು. ಅದೇ ಕಂಪನಿಗೆ ಪುರುಷರ ತಂಡವೂ ಇತ್ತು. ಅವರಿಗೆ ಎರಡು ಕಾರು, ನಮಗೆ ಅವರ ಎರಡನೇ ಕಾರಿನಲ್ಲಿ ಮಿಕ್ಕ ಜಾಗ. ಈಗ ಶನಿವಾರಗಳಲ್ಲಿ ಹೊಸ ಹುಡುಗಿಯರಿಗೆ ಕಲಿಸುತ್ತೇನೆ. ಹೋದ ತಿಂಗಳು ಸೇರಿದ ಹುಡುಗಿಯೊಬ್ಬಳು ಹೆಲ್ಮೆಟ್ ಕಟ್ಟುವ ಮೊದಲೇ ಕೇಳಿದಳು, "ಅಕ್ಕಾ, ಹುಡುಗ್ರಿಗಿಂತ ನಾವು ಎಷ್ಟು ಸ್ಲೋ?" ಈ ಬರಹ ಅವಳಿಗೆ. ನಿಧಾನ ಹೌದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ.

ನನ್ನ ಮೊದಲ ಭಾನುವಾರದಿಂದ ಶುರುಮಾಡುತ್ತೇನೆ. ನಮ್ಮ ಕೋಚ್ ಅರುಳ್ ಸರ್ ಹಲಸೂರಿನವರು. ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ತಮ್ಮ ಕಾಲದಲ್ಲಿ ರೇಸ್ ಗೆದ್ದವರು. ಹೊಟ್ಟೆ ಬಂದಿದ್ದರೂ ಕಾಲುಗಳು ಮಾತ್ರ ಇಪ್ಪತ್ತೈದು ವರ್ಷದ ಹುಡುಗನವು. ಅವರ ಗುಂಪು ಬೆಳಕು ಹರಿಯುವ ಮುಂಚೆ ಹಲಸೂರು ಕೆರೆಯ ಹತ್ತಿರ ಸೇರಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರ ದಾಟಿ ಹೊಸಕೋಟೆಯ ಕಡೆಗೆ ಹೋಗುತ್ತಿತ್ತು. ಎಲ್ಲರೂ ಗಂಡಸರು, ನಾನೊಬ್ಬಳು ಹೊಸಬಳು.

ಗುಂಪಿನಲ್ಲಿ ತುಳಿಯುವುದಕ್ಕೆ ಒಂದು ಪದ್ಧತಿ ಇದೆ. ಮುಂದಿರುವವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿರುವವರು ಅವನ ಮರೆಯಲ್ಲಿ ಸುಲಭವಾಗಿ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಅವನು ಪಕ್ಕಕ್ಕೆ ಸರಿದು ಕೊನೆಗೆ ಹೋಗುತ್ತಾನೆ, ಮುಂದಿನವನು ಎದೆ ಕೊಡುತ್ತಾನೆ. ಇದನ್ನು ಸರದಿ ಎನ್ನುತ್ತೇವೆ. ನನ್ನ ಸರದಿ ಬಂದಾಗಲೆಲ್ಲ ಹಿಂದಿನವರು ಯಾರಾದರೂ ನನ್ನನ್ನು ದಾಟಿ ಮುಂದೆ ಬಂದು, ಬಹಳ ವಿನಯದಿಂದ ಹೇಳುತ್ತಿದ್ದರು: "ಮೇಡಂ, ನೀವು ಹಿಂದೆ ಕೂತ್ಕೊಳ್ಳಿ, ಆರಾಮಾಗಿ ಬನ್ನಿ."

ಟೀ ಕುಡಿಯಲು ನಿಂತಾಗ ಅರುಳ್ ಸರ್ ಮುಂದೆ ಮೂರು ಅಂಶಗಳಲ್ಲಿ ವಾದ ಮಂಡಿಸಿದೆ. ಒಂದು, ಇದು ಸೌಜನ್ಯವಲ್ಲ, ಅವಮಾನ. ಎರಡು, ಸರದಿ ಕೊಡದೆ ಶಕ್ತಿ ಬರುವುದಿಲ್ಲ. ಮೂರು, ಆಮೇಲೆ ಇವರೇ "ಹೆಂಗಸರು ಮರೆಯಲ್ಲೇ ಬರ್ತಾರೆ" ಎನ್ನುತ್ತಾರೆ. ಅವರು ಬನ್ ಅದ್ದಿಕೊಂಡು ತಿನ್ನುತ್ತಾ ಪೂರ್ತಿ ಕೇಳಿಸಿಕೊಂಡರು.

"ಮೂರು ಪಾಯಿಂಟೂ ಕರೆಕ್ಟು, ಲಾಯರಮ್ಮಾ. ಆದ್ರೆ ಇಷ್ಟೆಲ್ಲಾ ಯೋಚ್ನೆ ಮಾಡೋಕೆ ನಿಂಗೆ ಉಸಿರೆಲ್ಲಿತ್ತು? ಹಿಂದೆ ಆರಾಮಾಗಿ ಬಂದ್ಯಲ್ಲ, ಅದಕ್ಕೇ."

ಅಂದಿನಿಂದ ನಾನು ಲಾಯರಮ್ಮ. ಕಂಪನಿಯ ಹಾಜರಿ ಪಟ್ಟಿಯಲ್ಲೂ ಒಮ್ಮೆ ಹಾಗೇ ಬರೆಸಿಬಿಟ್ಟಿದ್ದರು.

ಮುಂದಿನ ಭಾನುವಾರ ಯಾರನ್ನೂ ಕೇಳದೆ ಮುಂದೆ ನುಗ್ಗಿದೆ. ಬೆನ್ನಿಗನಹಳ್ಳಿಯಿಂದಲೇ ಶುರುಮಾಡಿದ ನಾನು ಯಾರಿಗೂ ಸರದಿ ಬಿಟ್ಟುಕೊಡಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರು ಎಚ್ಚರಿಕೆಯ ಗಂಟೆ ಬಾರಿಸಿದರೂ ಮೈಕು ಬಿಡದವಳ ಹಾಗೆ. ಕೆ.ಆರ್. ಪುರದ ಸಂತೆಯ ಹತ್ತಿರ ಕಾಲು ಸತ್ತುಹೋಯಿತು. ಇಡೀ ಗುಂಪು ನನ್ನನ್ನು ದಾಟಿ ಹೋಯಿತು, ಒಬ್ಬರೂ ಹಂಗಿಸದೆ. ಹಂಗಿಸಿದ್ದರೆ ವಾದಿಸಬಹುದಿತ್ತು. ಸೊಪ್ಪಿನ ಗಾಡಿಯ ಪಕ್ಕ ಕುಳಿತು ಏದುಸಿರು ಬಿಡುತ್ತಿದ್ದವಳನ್ನು ನೋಡಿ ಸೊಪ್ಪಿನಜ್ಜಿ ಒಂದು ಲೋಟ ನೀರು ಕೊಟ್ಟಳು. ಅರುಳ್ ಸರ್ ಹಿಂತಿರುಗಿ ಬಂದು ಪಕ್ಕದಲ್ಲಿ ನಿಂತರು.

"ಸರದಿ ಅಂದ್ರೆ ಏನಮ್ಮಾ? ಮುಂದೆ ಬರೋದು, ಆಮೇಲೆ ಸರಿಯೋದು. ನೀನು ಬರೋದನ್ನ ಮಾತ್ರ ಕಲ್ತೆ."

ಈ ಪಾಠವನ್ನು ಹುಡುಗಿಯರು ಬರೆದಿಟ್ಟುಕೊಳ್ಳಬೇಕು. ನಿಮಗೆ ಸರದಿ ಕೊಡದಿದ್ದರೆ ಕೇಳಬೇಡಿ, ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ ಬಿಟ್ಟುಕೊಡಿ. ಎರಡನೆಯದು ಕಷ್ಟ.

ತರಬೇತಿಯ ಪದ್ಧತಿ ಆಗ ಹೇಗಿತ್ತು ಎಂದರೆ, ಅರುಳ್ ಸರ್ ಹುಡುಗರಿಗೆ ಒಂದು ವಾರದ ಪಾಠ ಬರೆಯುತ್ತಿದ್ದರು. ಅದರಿಂದ ಸುಮಾರು ಮೂರನೇ ಒಂದು ಭಾಗ ಕಳೆದರೆ ನಮ್ಮ ಪಾಠ. "ಯಾಕೆ ಸರ್ ಮೂರನೇ ಒಂದು?" ಎಂದು ಕೇಳಿದ್ದೆ. "ಅರ್ಧ ಕಳೆದ್ರೆ ನೀನು ಜಗಳ ಮಾಡ್ತೀಯ, ಏನೂ ಕಳೀದೇ ಇದ್ರೆ ನಿಮ್ಮಮ್ಮ ಮಾಡ್ತಾರೆ" ಎಂದರು. ಅದು ಆ ಕಾಲದ ಕ್ರೀಡಾವಿಜ್ಞಾನ. ಈಗ ಪೆಡಲಿನಲ್ಲೇ ಶಕ್ತಿ ಅಳೆಯುವ ಉಪಕರಣ ಬಂದಿದೆ. ಪ್ರತಿ ಹುಡುಗಿಗೂ ಅವಳ ದೇಹದ ಲೆಕ್ಕ, ಅವಳ ತಿಂಗಳ ಲೆಕ್ಕ ನೋಡಿಕೊಂಡು ಬೇರೆಯೇ ಪಾಠ. ಒಳ್ಳೆಯದಾಯಿತು. ಆದರೆ ಉಪಕರಣದ ಜೊತೆ ಜಗಳವಾಡಲು ಬರುವುದಿಲ್ಲ, ಅದೊಂದು ಕೊರತೆ.

ಸೀಟಿನ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಇದನ್ನು ನಿಮಗೆ ಯಾರೂ ಮೊದಲೇ ಹೇಳುವುದಿಲ್ಲ. ರೇಸ್ ಸೈಕಲ್ಲಿನ ಸೀಟು ಗಂಡಸರ ಮೂಳೆಗೆ ಮಾಡಿದ್ದು. ಮೊದಲ ವರ್ಷ ನಮ್ಮ ತಂಡದ ಅಷ್ಟೂ ಹುಡುಗಿಯರು ನೋವು ನುಂಗಿಕೊಂಡು ತುಳಿದೆವು. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದಳು. ಕೊನೆಗೆ ನಾನೇ ಅರುಳ್ ಸರ್ ಬಳಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ, ಅಂಗಗಳ ಹೆಸರು ಸಮೇತ ಹೇಳಿದೆ. ಅವರ ಮುಖ ಹಲಸೂರಿನ ಸಂಜೆಯ ಆಕಾಶದ ಹಾಗಾಯಿತು. ಸೈಕಲ್ ಹತ್ತಿ ಸೀದಾ ಮನೆಗೆ ಹೋದರು. ಮರುದಿನ ಅವರ ಹೆಂಡತಿ ಸ್ಟೆಲ್ಲಾ ಆಂಟಿ ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ ಕಟ್ಟಿಕೊಂಡು ಮೈದಾನಕ್ಕೆ ಬಂದು, ನಮ್ಮನ್ನೆಲ್ಲ ಮರದ ಕೆಳಗೆ ಕೂರಿಸಿಕೊಂಡರು.

"ಏನ್ ಪ್ರಾಬ್ಲಮ್ಮು, ನನ್ ಹತ್ರ ಹೇಳ್ರೇ. ಆ ಮನುಷ್ಯ ರಾತ್ರಿ ಊಟಾನೇ ಮಾಡ್ಲಿಲ್ಲ. 'ಸ್ಟೆಲ್ಲಾ, ನಲವತ್ತು ವರ್ಷ ಸೈಕಲ್ ಸೈಕಲ್ ಅಂದೆ, ಇದು ನಂಗೆ ಗೊತ್ತೇ ಇರ್ಲಿಲ್ಲ' ಅಂತ ಒಂದೇ ಗೋಳು."

ಮುಂದಿನ ತಿಂಗಳು ಅಗಲದ ಸೀಟುಗಳು ಬಂದವು. ಕಂಪನಿಯಿಂದ ಹೇಗೆ ತರಿಸಿದರು, ಯಾವ ಅಧಿಕಾರಿಗೆ ಏನೆಂದು ವಿವರಿಸಿದರು, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಆದರೂ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಎಂದೂ ಹೊಂದಿಕೆಯಾಗಲಿಲ್ಲ. ಹೆಂಗಸರ ರೇಸು ಚಿಕ್ಕ ರೇಸು ಎಂಬುದು ಅವರ ನಂಬಿಕೆ. ನಮ್ಮನ್ನು ಪ್ರೀತಿಸುತ್ತಿದ್ದರು, ನಮಗಾಗಿ ಬೈಸಿಕೊಳ್ಳುತ್ತಿದ್ದರು, ಆದರೆ ಮೂಗು ಹಿಡಿದು ಕೇಳಿದರೆ, "ನಿಜವಾದ ರೇಸು ಗಂಡಸ್ರದ್ದೇನಮ್ಮಾ" ಎನ್ನುತ್ತಿದ್ದರು. ಪ್ರತಿ ರೇಸಿನಲ್ಲೂ ಅವರ ಕಾರು ಗಂಡಸರ ಗುಂಪಿನ ಹಿಂದೆಯೇ ಹೋಗುತ್ತಿತ್ತು. ನಮ್ಮ ಹಿಂದೆ ಯಾವ ಕಾರೂ ಬರುತ್ತಿರಲಿಲ್ಲ. ಟಯರು ಪಂಕ್ಚರ್ ಆದರೆ ನಾವೇ ಹಾಕಿಕೊಳ್ಳಬೇಕು.

ನನ್ನ ವಾದ ಹೀಗಿತ್ತು. ವೇಗವೇ ಎಲ್ಲ ಎನ್ನುವುದಾದರೆ ಗಂಡಸರ ರೇಸನ್ನೂ ನೋಡಬೇಕಾಗಿಲ್ಲ, ಮೋಟರ್‌ಬೈಕ್ ನೋಡಬಹುದು. ರೇಸಿನಲ್ಲಿ ನೋಡುವುದು ಯಾರು ಯಾರನ್ನು, ಯಾವ ಉಪಾಯದಿಂದ ಸೋಲಿಸಿದರು ಎಂಬುದನ್ನು. ಗಂಡಸರಲ್ಲಿ ದೊಡ್ಡ ದೊಡ್ಡ ತಂಡಗಳು ಸೇರಿ ರೇಸನ್ನು ಹಗ್ಗ ಹಾಕಿ ಹಿಡಿದಿಡುತ್ತವೆ, ಕೊನೆಯ ತಿರುವಿನವರೆಗೂ ಏನೂ ಆಗುವುದಿಲ್ಲ. ನಮ್ಮದು ಚಿಕ್ಕ ತಂಡಗಳು, ಹಿಡಿದಿಡುವವರಿಲ್ಲ, ಯಾವ ಏರಿನಲ್ಲಿ ಯಾರು ಓಡಿಹೋಗುತ್ತಾರೋ ಹೇಳಲಾಗದು. ಹಾಗೆಂದು ನಮ್ಮ ಪರದ ಎಲ್ಲ ಘೋಷಣೆಗಳೂ ನನಗೆ ಒಪ್ಪಿಗೆಯಲ್ಲ. "ನಾವೇನು ಕಡಿಮೆ" ಎಂದು ಭಾಷಣ ಮಾಡಿದವರಲ್ಲಿ ಎಷ್ಟು ಜನ ರಸ್ತೆಯ ಪಕ್ಕ ನಿಂತು ನಮ್ಮ ರೇಸ್ ನೋಡಿದ್ದಾರೆ? ಮುಕ್ತಾಯದ ಗೆರೆಯ ಹತ್ತಿರ ಮೈಕು ಹಿಡಿದವನು "ನಮ್ಮ ಹೆಣ್ಣುಮಕ್ಕಳು ಕೂಡ ಬರ್ತಾ ಇದ್ದಾರೆ, ಒಂದು ಚಪ್ಪಾಳೆ!" ಎನ್ನುತ್ತಿದ್ದ. ಆ "ಕೂಡ" ನನಗೆ ಸೀಟಿಗಿಂತ ಹೆಚ್ಚು ನೋವು ಕೊಟ್ಟಿದೆ. ಆದರೆ ಅವನಾದರೂ ಅಲ್ಲಿ ನಿಂತಿದ್ದ.

ಈಗ ಮುಖ್ಯ ವಿಷಯ, ಎಂಟರ ನಿಯಮ.

ನಮ್ಮ ಭಾಗದ ಚಳಿಗಾಲದ ರೇಸು ಹೊಸಕೋಟೆಯ ಆಚೆ ನಡೆಯುತ್ತದೆ. ಗಂಡಸರಿಗೆ ಎರಡು ಸುತ್ತು, ಹೆಂಗಸರಿಗೆ ಒಂದು. ಗಂಡಸರು ಎರಡನೇ ಸುತ್ತಿಗೆ ಹೋದ ಮೇಲೆ ನಮ್ಮನ್ನು ಬಿಡುತ್ತಾರೆ. ಅವರು ಬೇಗ ಮುಗಿಸುತ್ತಾರೆ. ನಾವು ಬರುವ ಹೊತ್ತಿಗೆ ಬಹುಮಾನದ ಫೋಟೋ ಶುರುವಾಗಿರುತ್ತದೆ. ನಿಯಮ ಏನೆಂದರೆ, ಒಂದು ವಿಭಾಗದಲ್ಲಿ ಕನಿಷ್ಠ ಎಂಟು ಜನ ಹೊರಡುವ ಗೆರೆಯಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಆ ವಿಭಾಗ ರದ್ದು. ಬಂದವರು ಬೇಕಿದ್ದರೆ ಸುಮ್ಮನೆ ತುಳಿದುಕೊಂಡು ಹೋಗಬಹುದು, ಸ್ಥಾನವಿಲ್ಲ, ಸರ್ಟಿಫಿಕೇಟಿಲ್ಲ. ನಿಯಮ ಇಬ್ಬರಿಗೂ ಒಂದೇ. ಅದೇ ಅದರ ಚಂದ. ಗಂಡಸರು ರಸ್ತೆ ತುಂಬ ನಿಂತಿರುತ್ತಾರೆ, ಅವರಲ್ಲಿ ಯಾರಿಗೂ ಈ ನಿಯಮ ಇರುವುದೇ ಗೊತ್ತಿಲ್ಲ. ನಮ್ಮಲ್ಲಿ ಅದು ಗೊತ್ತಿಲ್ಲದವಳಿಲ್ಲ.

ಗಂಡಸು ರೇಸಿನ ಮುಂಚಿನ ದಿನ, ತನ್ನ ದೊಡ್ಡ ಎದುರಾಳಿಗೆ ನೆಗಡಿ ಬರಲಿ ಎಂದು ಆಸೆಪಡುತ್ತಾನೆ. ನಾವು ಅವಳಿಗೆ ಫೋನ್ ಮಾಡಿ, ನೆಗಡಿ ಇದೆಯಾ, ಕಷಾಯ ಕುಡಿದೆಯಾ, ಬಸ್ಸು ಸಿಕ್ಕಿತಾ, ಉಳಿಯಲು ಜಾಗ ಇದೆಯಾ ಎಂದು ಕೇಳುತ್ತೇವೆ. ಅವಳ ಟಯರಿಗೆ ಗಾಳಿ ತುಂಬಿ, ಗೆರೆಗೆ ಕರೆತಂದು ನಿಲ್ಲಿಸಿ, ಆಮೇಲೆ ಅವಳನ್ನು ಸೋಲಿಸಲು ಹೊರಡುತ್ತೇವೆ. ಇದನ್ನು ವೇದಿಕೆಗಳಲ್ಲಿ ಅಕ್ಕತಂಗಿತನ ಎಂದು ಹೊಗಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಬೇರೆ ದಾರಿ ಇಲ್ಲದ್ದಕ್ಕೆ ಮಾಡಿದ ಕೆಲಸ ಅದು. ಆದರೆ ವರ್ಷಗಟ್ಟಲೆ ಒಬ್ಬಳಿಗೆ ಕಷಾಯ ಕುಡಿದೆಯಾ ಎಂದು ಕೇಳುತ್ತಿದ್ದರೆ ಅವಳ ಮೇಲೆ ಅಕ್ಕರೆ ಬಾರದಿರುವುದು ಕಷ್ಟ.

ಹೀಗೆಯೇ ನನಗೆ ರೇಣುಕಾ ಹತ್ತಿರವಾದಳು. ಬಾಗಲಕೋಟೆಯ ಕಡೆಯವಳು. ಬೈಯಪ್ಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ, ಹಗಲು ಒಂದು ಅಂಗಡಿಯಲ್ಲಿ ಕೆಲಸ, ಬೆಳಗ್ಗೆ ಸಂಜೆ ಸೈಕಲ್ಲು. ನಮ್ಮ ತಂಡದವಳಲ್ಲ, ಯಾವ ತಂಡದವಳೂ ಅಲ್ಲ. ಏರಿನಲ್ಲಿ ನನ್ನನ್ನು ಹಿಂದೆ ಹಾಕುವಾಗ ತಿರುಗಿ ನೋಡಿ, "ಬಾ ಅಕ್ಕಾ, ಯಾಕ ನಿಂತಿ?" ಎನ್ನುವಷ್ಟು ಕೊಬ್ಬು.

ಎಂಟರ ಸಲುವಾಗಿ ನಾವು ಒಮ್ಮೆ ದಾರಿ ತಪ್ಪಿದ್ದೂ ಉಂಟು. ಆ ವರ್ಷ ಒಬ್ಬಳು ಕಡಿಮೆ ಬಿದ್ದಳು. ಇಂದಿರಾನಗರದಲ್ಲಿದ್ದ ನನ್ನ ಚಿಕ್ಕಮ್ಮನ ಮಗಳನ್ನು ಎಬ್ಬಿಸಿ ಕರೆತಂದು, ಚೂಡಿದಾರದ ಮೇಲೇ ನಂಬರ್ ಅಂಟಿಸಿ, ಗೆರೆಯಲ್ಲಿ ನಿಲ್ಲಿಸಿದೆವು. ಪೀಪಿ ಊದಿದ ಮೇಲೆ ಅವಳು ಒಂದು ಲೈಟ್ ಕಂಬದಷ್ಟು ದೂರ ತುಳಿದು, ದುಪಟ್ಟಾ ಸರಿಮಾಡಿಕೊಂಡು ಇಳಿದು, ಟಾಟಾ ಮಾಡಿದಳು. ರೇಸು ನಡೆಯಿತು. ಆದರೆ ಯಾರೋ ಅದರ ವಿಡಿಯೊ ಮಾಡಿದ್ದರು. "ಇದು ಮಹಿಳೆಯರ ರೇಸ್" ಎಂಬ ತಲೆಬರಹ ಹಾಕಿ ಎಲ್ಲ ಗುಂಪುಗಳಿಗೂ ಹರಿಬಿಟ್ಟರು. ಆ ರೇಸಿನಲ್ಲಿ ಏರಿನ ಮೇಲೆ ರೇಣುಕಾ ಮತ್ತು ನಾನು ಕಾದಾಡಿದ್ದನ್ನು ಒಬ್ಬರೂ ನೋಡಲಿಲ್ಲ, ಲೈಟ್ ಕಂಬವನ್ನು ಎಲ್ಲರೂ ನೋಡಿದರು. ಅಂದೇ ನಿರ್ಧರಿಸಿದೆ, ಲೆಕ್ಕ ತುಂಬಿಸಲು ಇನ್ನು ಯಾರನ್ನೂ ನಿಲ್ಲಿಸುವುದಿಲ್ಲ. ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಎಂಟರ ನಿಯಮ ತೆಗೆಯಿರಿ ಎಂದು ವಾದಿಸಿದೆ. ಮುಖ್ಯ ರೆಫರಿ ನಂಜುಂಡಯ್ಯನವರು, ಬಿಳಿ ಟೋಪಿಯ ಹಿರಿಯರು, ತಾಳ್ಮೆಯಿಂದ ಕೇಳಿ, "ಬರೋ ವರ್ಷ ನೋಡೋಣಮ್ಮಾ" ಎಂದರು. ಬರುವ ವರ್ಷವೂ ಹಾಗೇ ಅಂದರು.

ನಾನು ನಿವೃತ್ತಳಾದ ವರ್ಷದ ಚಳಿಗಾಲ ರೇಣುಕಾಳಿಗೆ ಕೊನೆಯ ಅವಕಾಶ. ಕ್ರೀಡಾ ಕೋಟಾದಲ್ಲಿ ಒಂದು ನೌಕರಿಗೆ ಅರ್ಜಿ ಹಾಕಲು ಅವಳಿಗೆ ಮೊದಲ ಮೂರರೊಳಗಿನ ಒಂದು ಸರ್ಟಿಫಿಕೇಟು ಬೇಕಿತ್ತು, ಅದೂ ಆ ವರ್ಷದ್ದೇ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ನೌಕರಿ ಸಿಗದಿದ್ದರೆ ಊರಿಗೆ ವಾಪಸ್ಸು, ಸೈಕಲ್ಲಿಗೆ ಮುಕ್ತಾಯ. "ಊರಾಗ ಗಂಡು ನೋಡಿ ಇಟ್ಟಾರ ಅಕ್ಕಾ. ಅವನಿಗೆ ಸೈಕಲ್ ಬರೂದಿಲ್ಲಂತ" ಎಂದು ನಗುತ್ತಲೇ ಹೇಳಿದ್ದಳು.

ಆ ಬೆಳಗ್ಗೆ ನಾನು ಅರುಳ್ ಸರ್ ಕಾರಿನಲ್ಲಿ ಸಹಾಯಕ್ಕೆಂದು ಹೋಗಿದ್ದೆ. ನಮ್ಮ ತಂಡದ ನಫೀಸಾ, ಶಿವಾಜಿನಗರದ ಹುಡುಗಿ, ಎಂಟನೆಯವಳು. ದಾರಿಯಲ್ಲೇ ಅವಳಿಗೆ ಮೈ ಕಾದಿತ್ತು. ಹೊಸಕೋಟೆ ಮುಟ್ಟುವ ಹೊತ್ತಿಗೆ ಎರಡು ಸಲ ವಾಂತಿಯಾಯಿತು. ಆದರೂ ನಂಬರ್ ಅಂಟಿಸಿಕೊಳ್ಳಲು ಹೊರಟಳು. "ನಾನು ನಿಲ್ತೀನಿ ದೀದಿ, ಕುಛ್ ನಹೀ ಹೋತಾ, ಏನೂ ಆಗಲ್ಲ" ಎಂದವಳು ನಿಂತಲ್ಲೇ ವಾಲಿದಳು. ಅರುಳ್ ಸರ್ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಮ್ಮ ಸ್ವೆಟರ್ ಹೊದೆಸಿದರು.

ಏಳು.

ಗಂಡಸರು ಆಗಲೇ ಹೊರಟಿದ್ದರು. ನಫೀಸಾಳಿಗಾಗಿ ಹಿಂದುಳಿದ ಅರುಳ್ ಸರ್ ಕಾರು ಎರಡನೇ ಸುತ್ತಿಗೆ ಅವರನ್ನು ಸೇರಿಕೊಳ್ಳಬೇಕಿತ್ತು. ನಂಜುಂಡಯ್ಯನವರು ಮೇಜಿನ ಹಿಂದಿನಿಂದ ಎದ್ದು ಬಂದು, ಮೆಲ್ಲನೆ, ನನಗೆ ಉಪಕಾರ ಮಾಡುವವರ ಹಾಗೆ ಹೇಳಿದರು: "ನೋಡಮ್ಮಾ, ರೂಲ್ ಅಂದ್ಮೇಲೆ ರೂಲು. ಒಂದ್ ಕೆಲ್ಸ ಮಾಡಿ. ಆ ನೀರು ಕೊಡೋ ಹುಡುಗೀನ ನಿಲ್ಲಿಸಿ. ಗೆರೆ ದಾಟಿ ಇಳಿದ್ಬಿಡ್ಲಿ. ನಾನು ಆ ಕಡೆ ತಿರುಗಿರ್ತೀನಿ."

"ಬೇಡ ಸರ್" ಎಂದೆ.

ರೇಣುಕಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಯಾಕ ಬ್ಯಾಡ? ನಿನ್ ತತ್ವಾ ಆಮ್ಯಾಲ ನೋಡೂಣು. ನನಗ ಆ ಕಾಗದಾ ಬೇಕು ಅಕ್ಕಾ. ಇವತ್ತೇ ಬೇಕು."

"ಆ ಕಾಗದ ಸಿಕ್ಕಮೇಲೆ, ನಿನ್ನ ಜೊತೆ ಅರ್ಜಿ ಹಾಕಿದೋನು ಇವತ್ತಿನ ವಿಡಿಯೊ ತಗೊಂಡು ಹೋಗಿ, ಇದು ರೇಸೇ ಅಲ್ಲ, ಏಳೇ ಜನ ಇದ್ರು ಅಂದ್ರೆ?"

ಅವಳು ನನ್ನ ತೋಳು ಬಿಟ್ಟಳು. ವಾದ ಗೆದ್ದೆ. ನಾನು ಗೆದ್ದ ವಾದಗಳಲ್ಲೇ ಅತ್ಯಂತ ಕೆಲಸಕ್ಕೆ ಬಾರದ್ದು ಅದು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಗೆರೆಯಲ್ಲಿ ಇನ್ನೂ ಏಳೇ ಜನ.

ನನ್ನ ಲೈಸೆನ್ಸ್ ವರ್ಷದ ಕೊನೆಯವರೆಗೂ ಇತ್ತು. ನಫೀಸಾಳ ಸೈಕಲ್ಲು ಕಾರಿನ ಮೇಲಿತ್ತು. ಹೆಂಗಸರ ವಿಭಾಗಕ್ಕೆ ಸ್ಥಳದಲ್ಲೇ ಹೆಸರು ಕೊಡಬಹುದಿತ್ತು. ಮೊಣಕಾಲು ಒಂದೇ ಅಡ್ಡಿ.

"ನಾನೇ ನಿಲ್ತೀನಿ" ಎಂದೆ.

"ಲಾಯರಮ್ಮಾ, ಡಾಕ್ಟ್ರು ಏನಂದ್ರು?" ಎಂದರು ಅರುಳ್ ಸರ್.

"ರೇಸ್ ಮಾಡ್ಬೇಡಿ ಅಂದ್ರು. ನಾನು ರೇಸ್ ಮಾಡಲ್ಲ. ಪೂರ್ತಿ ತುಳಿದು ಬರ್ತೀನಿ, ಅಷ್ಟೇ."

"ಗೆರೆ ದಾಟಿ ಇಳಿದ್ಬಿಡು, ಸಾಕು. ಕಾಲು ಹೋಗುತ್ತೆ."

"ಇಳಿದ್ರೆ ನಾನೂ ಲೈಟ್ ಕಂಬದವಳೇ ಆಗ್ತೀನಿ ಸರ್."

ಅವರು ಪಾನಾ ತೆಗೆದು ನಫೀಸಾಳ ಸೀಟನ್ನು ನನ್ನ ಎತ್ತರಕ್ಕೆ ಏರಿಸಿದರು.

ಎಂಟು ಜನ ನಿಂತೆವು. ಪೀಪಿ ಊದಿದರು. ಮೊದಲ ಏರಿನವರೆಗೂ ಗುಂಪಿನ ಮರೆಯಲ್ಲಿ ಹೇಗೋ ನಿಂತೆ. ಅಲ್ಲಿ ರೇಣುಕಾ ಎದ್ದು ನಿಂತು ತುಳಿದಳು, ಗುಂಪು ಅವಳ ಹಿಂದೆ ಹರಿದುಹೋಯಿತು, ನಾನು ಉಳಿದೆ. ಈ ಸಲ ಅವಳು ತಿರುಗಿ ನೋಡಲಿಲ್ಲ. ನೋಡಬಾರದು ಕೂಡ. ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ನಾನೊಬ್ಬಳೇ, ಎದುರುಗಾಳಿ, ಒಂದು ಕಾಲಿನಲ್ಲಿ ತುಳಿಯುತ್ತಾ ಇನ್ನೊಂದನ್ನು ಎಳೆಯುತ್ತಾ. ಹಿಂದಿನಿಂದ ಒಂದು ಕಾರಿನ ಸದ್ದು ಬರುತ್ತಲೇ ಇತ್ತು. ದಾಟಿ ಹೋಗಲಿ ಎಂದು ಅಂಚಿಗೆ ಸರಿದೆ. ಅದು ದಾಟಲಿಲ್ಲ.

ಅರುಳ್ ಸರ್ ಕಾರು. ಹೆಂಗಸರ ರೇಸಿನ ಹಿಂದೆ.

"ಹುಡುಗರ ಹಿಂದೆ ಹೋಗಿಲ್ವಾ ಸರ್?" ಎಂದು ಕೂಗಿದೆ.

"ಅವರಿಗೆ ಇನ್ನೊಂದ್ ಕಾರಿದೆ. ಮಾತಾಡ್ಬೇಡ, ತುಳಿ."

ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ನಾನು ಇಳಿಯುವಷ್ಟರಲ್ಲಿ ಅವರು ಬೇರೆ ಚಕ್ರ ಹಿಡಿದು ನಿಂತಿದ್ದರು. ಇಷ್ಟು ವರ್ಷಗಳಲ್ಲಿ ನನ್ನ ರೇಸಿನ ಚಕ್ರವನ್ನು ಬೇರೊಬ್ಬರು ಬದಲಿಸಿದ್ದು ಅದೇ ಮೊದಲು. ಬೆನ್ನಿಗೆ ಕೈಕೊಟ್ಟು ತಳ್ಳಿ ಹೊರಡಿಸಿದರು. ಅಷ್ಟಕ್ಕೆ ನಿಯಮದಲ್ಲಿ ಅವಕಾಶವಿದೆ. ಕಾರಿನ ಕಿಟಕಿಯಲ್ಲಿ ನಫೀಸಾ ಬಿಳುಚಿದ ಮುಖ ಹೊರಹಾಕಿ, "ದೀದಿ, ಮೇರಾ ಸೈಕಲ್ ಸಂಭಾಲ್‌ಕೆ! ಹುಷಾರು!" ಎಂದಳು.

ಕೊನೆಯ ನೇರ ರಸ್ತೆಗೆ ಬರುವ ಹೊತ್ತಿಗೆ ವಾಹನಗಳನ್ನು ಬಿಟ್ಟಾಗಿತ್ತು. ಹಾಲಿನ ಟೆಂಪೊ, ಕಾರ್ಖಾನೆ ಬಸ್ಸು, ಎಲ್ಲದರ ನಡುವೆ ನಾನು. ದೂರದಲ್ಲಿ ಗೆರೆಯ ಮೇಲಿನ ಗಾಳಿ ತುಂಬಿದ ಕಮಾನು ನಿಧಾನವಾಗಿ ಕುಸಿಯುತ್ತಿರುವುದು ಕಂಡಿತು. ಎದುರಿನಿಂದ ಸೈಕಲ್ಲುಗಳು ಬಂದವು. ಏಳು.

"ಅಕ್ಕಾ! ಮೂರನೇದು ಬಂದೆ! ಮೂರನೇದು!" ರೇಣುಕಾ ಎರಡೂ ಕೈ ಬಿಟ್ಟು ಕೂಗುತ್ತಿದ್ದಳು.

ಏಳೂ ಜನ ತಿರುಗಿಸಿಕೊಂಡು, ನನ್ನ ಮುಂದೆ ಬಂದು ಮರೆ ಕೊಡಲು ನೋಡಿದರು. ಹಿಂದಿನಿಂದ ಅರುಳ್ ಸರ್ ಹಾರ್ನ್ ಒತ್ತಿ, ಕಿಟಕಿಯಿಂದ ಅರ್ಧ ಹೊರಬಂದು ಅಬ್ಬರಿಸಿದರು.

"ಏಯ್! ಮುಂದೆ ಹೋಗ್ಬೇಡ್ರೇ! ಮರೆ ಕೊಟ್ರೆ ಅವಳನ್ನ ತೆಗೆದ್ಹಾಕ್ತಾರೆ! ರೇಸ್ ಇನ್ನೂ ಮುಗಿದಿಲ್ಲ! ಹಿಂದೆ ಹೋಗ್ರಿ!"

ರೇಸ್ ಇನ್ನೂ ಮುಗಿದಿಲ್ಲ. ಆ ಮಾತು ಹೇಳಿದ್ದು ಅರುಳ್ ಸರ್.

ಎಲ್ಲರೂ ಹಿಂದೆ ಸರಿದರು. ಮುಂದೆ ನಾನು, ಸಾಲಾಗಿ ನನ್ನ ಮರೆಯಲ್ಲಿ ಏಳು ಜನ, ಅವರ ಹಿಂದೆ ಕಾರು. ಹಲಸೂರು ಕೆರೆಯ ಆ ಮೊದಲ ಭಾನುವಾರ ನನಗೆ ಕೊಡದ ಸರದಿಯನ್ನು ಅಷ್ಟೂ ಸೇರಿಸಿ ಒಟ್ಟಿಗೆ ಕೊಟ್ಟ ಹಾಗಿತ್ತು. ಗಾಳಿಗೆ ಎದೆ ಕೊಟ್ಟು, ಬಸ್ಸಿಗೆ ಹಾದಿ ಬಿಟ್ಟು, ಗೆರೆಗೆ ಬಂದೆ. ಕಮಾನು ನೆಲಕ್ಕೆ ಬಿದ್ದಿತ್ತು, ಮೈಕಿನವನು ವೈರು ಸುತ್ತುತ್ತಿದ್ದ. ಸುಣ್ಣದ ಗೆರೆ ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಬಿಳಿ ಟೋಪಿ ಹಾಕಿಕೊಂಡು, ಕೈಗಡಿಯಾರ ನೋಡುತ್ತಾ, ನಂಜುಂಡಯ್ಯನವರು ನಿಂತಿದ್ದರು. ಆ ಕಡೆ ತಿರುಗಿರಲಿಲ್ಲ.

"ಎಂಟು" ಎಂದರು ನನ್ನ ಚಕ್ರ ಗೆರೆ ದಾಟಿದಾಗ. ಆಮೇಲೆ ಟೋಪಿ ತೆಗೆದು ತಲೆ ಒರೆಸಿಕೊಂಡು, "ಬಿಸ್ಲು ಜಾಸ್ತಿ ಆಯ್ತಮ್ಮಾ" ಎಂದರು.

ನನ್ನ ಕೊನೆಯ ರೇಸಿನಲ್ಲಿ ನಾನು ಎಲ್ಲರಿಗಿಂತ ಕೊನೆಯವಳು. ಮೊಣಕಾಲು ಮೂರು ತಿಂಗಳು ಬೈಯಿತು. ರೇಣುಕಾ ಈಗ ನೌಕರಿಯಲ್ಲಿದ್ದಾಳೆ, ಇಲಾಖೆಯ ತಂಡಕ್ಕೆ ತುಳಿಯುತ್ತಾಳೆ. ನಿಯಮ ಇನ್ನೂ ಹಾಗೇ ಇದೆ. ಚಳಿಗಾಲ ಹತ್ತಿರವಾದರೆ ಅವಳ ಫೋನು ಬರುತ್ತದೆ: "ಅಕ್ಕಾ, ಎಷ್ಟ್ ಮಂದಿ ಆಗ್ಯಾರ? ನಿನ್ನ ಹುಡುಗ್ಯಾರಾಗ ಒಬ್ಬಾಕಿನ್ನ ಕಳಸು." ಹೊಸ ಹುಡುಗಿಯರೇ, ಎಷ್ಟು ಸ್ಲೋ ಎಂದು ಆಮೇಲೆ ಅಳೆಯೋಣ. ಮೊದಲು ಎಷ್ಟು ಜನ ಎಂದು ಕೇಳಿ.

ಅಂದು ಹಿಂತಿರುಗುವಾಗ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಎಂದಿನಂತೆ ಗಾಡಿಗಳು ಕಟ್ಟಿಕೊಂಡು ನಿಂತಿದ್ದವು. ಹಿಂದಿನ ಸೀಟಿನಲ್ಲಿ ನಫೀಸಾ ನಿದ್ದೆಹೋಗಿದ್ದಳು. ಮೊಣಕಾಲಿನ ಮೇಲೆ ಐಸ್ ಇಟ್ಟುಕೊಂಡು ಕೇಳಿದೆ.

"ಸರ್, ನಮ್ಮ ರೇಸ್ ಹೇಗಿತ್ತು?"

"ಪರವಾಗಿಲ್ಲ, ಚೆನ್ನಾಗಿತ್ತು. ಆದ್ರೆ ಗಂಡಸ್ರ ಫಿನಿಶ್ ಇದೆ ನೋಡು, ಅದ್ರ ಮಜಾನೇ ಬೇರೆ. ಇವತ್ತೂ ಸೂಪರ್ ಆಗಿತ್ತು."

"ನೋಡಿದ್ರಾ?"

ಮುಂದಿನ ಬಸ್ಸು ಒಂದಡಿ ಜರುಗಿತು. ಅರುಳ್ ಸರ್ ಗೇರ್ ಹಾಕಿ, ಒಂದಡಿ ಜರುಗಿಸಿ, ಮತ್ತೆ ನಿಲ್ಲಿಸಿದರು.

"ಎಲ್ಲಿ ನೋಡೋದಮ್ಮಾ? ನಿನ್ನ ಹಿಂದೇನೇ ಬರ್ತಿದ್ನಲ್ಲ."

ಮೂರು ಅಂಶಗಳು ನಾಲಿಗೆಯ ತುದಿಗೆ ಬಂದವು. ಕಿಟಕಿಯ ಗಾಜು ಇಳಿಸಿ, ಸರದಿ ಬಿಟ್ಟುಕೊಟ್ಟೆ.